ಮಾಯವಾಗೋ ಮನುಷ್ಯ: ನಾಸಿಕ್‌ನಲ್ಲಿ ನೆನಪಾದ ನಿಂಜಾ ಸಿನಿಮಾ

ಪುಣೆಯಲ್ಲಿರೋ ನಮ್ಮವರಿಗೆ ಲಾಂಗ್ ವೀಕೆಂಡ್ ಅಂದ್ರೆ ಒಂದೇ ರೂಟು: ಶಿರಡಿ, ಎಲ್ಲೋರಾ, ವಾಪಸ್ ಬರ್ತಾ ತ್ರ್ಯಂಬಕೇಶ್ವರ. ನಾವೂ ಹೋಗಿದ್ವಿ. ಸಂಭಾಜಿನಗರದ ಹತ್ತಿರ ದೌಲತಾಬಾದ್ ಕೋಟೆ, ಅಂದ್ರೆ ಯಾದವರ ದೇವಗಿರಿ ಇದೆಯಲ್ಲ, ಅಲ್ಲಿ 'ಅಂಧೇರಿ' ಅಂತ ಒಂದು ಕತ್ತಲೆ ಸುರಂಗ. ನುಗ್ಗಿ ಬಂದ ಶತ್ರು ದಾರಿ ತಪ್ಪಿ ಸಿಕ್ಕಿಬೀಳಲಿ ಅಂತ ಮಾಡಿದ್ದು. ಮೊಬೈಲ್ ಲೈಟ್ ಆಫ್ ಮಾಡಿ ನಿಂತಾಗ ಜೊತೆಗಿದ್ದ ಗೆಳೆಯ ಅಂದ, "ಇಲ್ಲಿ ಒಂದು ನಿಂಜಾ ಸಿನಿಮಾ ತೆಗೀಬೇಕು ಮಗಾ!"

ಆಗ ನಕ್ಕುಬಿಟ್ಟೆ. ಮರುದಿನ ನಾಸಿಕ್‌ನಲ್ಲಿ, ಪಾಂಡವಲೇಣಿ ಗುಡ್ಡದ ಬುಡದಲ್ಲಿರೋ ಫಾಳ್ಕೆ ಸ್ಮಾರಕದ ಎದುರು ಆ ಮಾತು ಮತ್ತೆ ನೆನಪಾಯ್ತು.

ದಾದಾಸಾಹೇಬ್ ಫಾಳ್ಕೆ ಹುಟ್ಟಿದ್ದು 1870ರಲ್ಲಿ, ಇದೇ ತ್ರ್ಯಂಬಕೇಶ್ವರದಲ್ಲಿ. ಸಿನಿಮಾಕ್ಕೆ ಬರೋ ಮುಂಚೆ ಅವರು ಜಾದೂಗಾರ. ತಮ್ಮ ಹೆಸರನ್ನೇ ತಿರುಗಿಸಿ 'ಪ್ರೊಫೆಸರ್ ಕೆಲ್ಫಾ' ಅಂತ ಶೋ ಕೊಡ್ತಿದ್ರು. 1919ರ 'ಕಾಲಿಯ ಮರ್ದನ'ದಲ್ಲಿ ಅವರ ಪುಟ್ಟ ಮಗಳು ಮಂದಾಕಿನಿಯೇ ಕೃಷ್ಣ, ಎದುರಿಗೆ ದೊಡ್ಡ ಹಾವು.

ಎರಡೇ ವರ್ಷಕ್ಕೆ, 1921ರಲ್ಲಿ ಜಪಾನ್‌ನಲ್ಲಿ 'ಗೋಕೆತ್ಸು ಜಿರಾಯಾ' ಬಂತು. ನಿರ್ದೇಶಕ ಶೋಝೋ ಮಕಿನೊ. ನಾವು ಫಾಳ್ಕೆಯವರನ್ನ ಕರೆಯೋ ಹಾಗೇ ಅಲ್ಲಿ ಅವರನ್ನ ಜಪಾನಿ ಸಿನಿಮಾದ ಪಿತಾಮಹ ಅಂತಾರೆ. ಅದರಲ್ಲೂ ಒಂದು ಹಾವು ಇದೆ! ನಾಯಕ ಕಪ್ಪೆಯಾಗ್ತಾನೆ, ಖಳ ಒರೊಚಿಮಾರು ಹಾವಾಗ್ತಾನೆ. 'ನರುಟೊ' ನೋಡಿದವರಿಗೆ ಈ ಹೆಸರುಗಳು ಹೊಸದಲ್ಲ, ಎರಡಕ್ಕೂ ಮೂಲ ಒಂದೇ ಜಾನಪದ ಕಥೆ. ಟೆಕ್ನಿಕ್ ಬಹಳ ಸರಳ: ಕ್ಯಾಮೆರಾ ನಿಲ್ಲಿಸಿ, ನಟ ಫ್ರೇಮ್‌ನಿಂದ ಆಚೆ ಹೋಗಿ, ಮತ್ತೆ ಕ್ಯಾಮೆರಾ ಶುರು. ಪರದೆ ಮೇಲೆ ಆಳು ಮಾಯ.

ನಲವತ್ತು ವರ್ಷ ಆದ್ಮೇಲೆ, 1962ರಲ್ಲಿ ಬಂದ 'ಶಿನೋಬಿ ನೋ ಮೊನೊ' ಈ ಮಾಯೆಯನ್ನೆಲ್ಲ ಪಕ್ಕಕ್ಕಿಟ್ಟಿತು. ನಿರ್ದೇಶಕ ಸತ್ಸುವೊ ಯಮಮೊಟೊ, ಹೀರೊ ರಾಯ್ಜೊ ಇಚಿಕಾವಾ, ಕಪ್ಪು-ಬಿಳುಪು. ಮೂಲ ಕಾದಂಬರಿ ಧಾರಾವಾಹಿಯಾಗಿ ಬಂದಿದ್ದು ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ, ಅದಕ್ಕೇ ಇರಬೇಕು, ಇಲ್ಲಿ ನಿಂಜಾ ಅಂದ್ರೆ ಪವಾಡಪುರುಷ ಅಲ್ಲ, ಸಂಬಳವೂ ಸರಿಯಾಗಿ ಸಿಗದ ನೌಕರ. ಚಾವಣಿಯಿಂದ ದಾರ ಇಳಿಬಿಟ್ಟು, ಮಲಗಿರೋ ನೊಬುನಾಗನ ಬಾಯಿಗೆ ವಿಷ ಹನಿಸೋ ದೃಶ್ಯ ಎಷ್ಟು ಹಿಡಿಸಿತೋ, 1967ರ ಜೇಮ್ಸ್ ಬಾಂಡ್ ಚಿತ್ರದಲ್ಲೂ ಅಂಥದ್ದೇ ಬಂತು. ನನಗೆ ಹಿಡಿಸಿದ್ದು ಬೇರೆ. (ಸಿನಿಮಾ ನೋಡೋ ಯೋಚನೆ ಇದ್ರೆ ಹತ್ತು ಸೆಕೆಂಡ್ ಕಿವಿ ಮುಚ್ಚಿಕೊಳ್ಳಿ.) ಇಗಾದಲ್ಲಿ ಎರಡು ಎದುರಾಳಿ ಬಣ, ಎರಡಕ್ಕೂ ವೇಷ ಬದಲಿಸಿಕೊಂಡು ಯಜಮಾನ ಒಬ್ಬನೇ! ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕೆಲಸ ಮಾಡ್ಲಿ ಅಂತ. ಒಂದೇ ಪ್ರಾಜೆಕ್ಟಿಗೆ ಎರಡು ಟೀಮ್ ಬಿಟ್ಟು ರೇಸ್ ನೋಡೋ ಮ್ಯಾನೇಜರ್ ಕೆಳಗೆ ನಾನೂ ದುಡಿದಿದ್ದೀನಿ, ಇರ್ಲಿ ಬಿಡಿ.

ಇನ್ನು ನನ್ನನ್ನ ಕಾಡಿದ ವಿಷಯ. ಜಿರಾಯಾ ಪಾತ್ರ ಮಾಡಿದ ಮತ್ಸುನೋಸುಕೆ ಸುಮಾರು ಸಾವಿರ ಚಿತ್ರ ಮಾಡಿದ್ರಂತೆ, ಉಳಿದಿರೋದು ಬೆರಳೆಣಿಕೆಯಷ್ಟು. ಫಾಳ್ಕೆಯವರದ್ದೂ ಅದೇ ಗತಿ. 'ರಾಜಾ ಹರಿಶ್ಚಂದ್ರ'ದ ಕೆಲವು ರೀಲು, 'ಕಾಲಿಯ ಮರ್ದನ'ದ ಬಹುಪಾಲು ಇವತ್ತು ನೋಡಲು ಸಿಗ್ತಿದ್ರೆ ಅದಕ್ಕೆ ಪುಣೆಯ ಫಿಲ್ಮ್ ಆರ್ಕೈವ್ ಮತ್ತು ಅದನ್ನ ಕಟ್ಟಿದ ಪಿ.ಕೆ. ನಾಯರ್ ಕಾರಣ.

ನಮ್ಮದು? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ', 1934. ಚಿತ್ರೀಕರಣ ಆಗಿದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಸುಲೋಚನಾಳ ಗಂಡ ಇಂದ್ರಜಿತು, ಮೋಡದ ಮರೆಯಲ್ಲಿ ನಿಂತು ಯಾರಿಗೂ ಕಾಣದೆ ಬಾಣ ಬಿಡೋನು. ನಮ್ಮ ಪುರಾಣದ ನಿಂಜಾ ಅಂದ್ರೆ ಅವನೇ ತಾನೆ? ಆ ಪಾತ್ರ ಮಾಡಿದ್ದು ಸುಬ್ಬಯ್ಯ ನಾಯ್ಡು. ಅವರು ಪರದೆ ಮೇಲೆ ಮಾಯ ಆದ್ರೋ ಇಲ್ವೋ, ಹೇಗೆ ಆದ್ರು ಅಂತ ನೋಡೋಣ ಅಂದ್ರೆ ಪ್ರಿಂಟೇ ಇಲ್ಲ, ಒಂದು ರೀಲೂ ಸಿಕ್ಕಿಲ್ಲ. ಕೊಲ್ಹಾಪುರದ ಕಡೆ ಹಳೇ ಟೆಂಟು, ಟಾಕೀಸು ನಡೆಸಿದ ಮನೆತನದವರು ನಿಮಗೆ ಪರಿಚಯ ಇದ್ರೆ, ಅಟ್ಟದ ಮೇಲೆ ತುಕ್ಕು ಹಿಡಿದ ಫಿಲ್ಮ್ ಡಬ್ಬಿ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ಸಿಕ್ಕಿದ್ರೆ ನೀವೇ ತೆರೆಯೋಕೆ ಹೋಗ್ಬೇಡಿ, ಹಳೇ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತೆ. ನೇರ ಪುಣೆ ಆರ್ಕೈವ್‌ಗೆ ಫೋನ್ ಮಾಡಿ.