ನಿವೃತ್ತಿಯ ಹಣ ಯಾರದು?

(ಆರ್.ಟಿ. ನಗರದ ಮಸೀದಿಯೊಂದರಲ್ಲಿ ನೀಡಲಾದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಸಲಾತ್, ಸಲಾಮ್ ಇರಲಿ.

ನಮ್ಮ ಮಸೀದಿಯಲ್ಲಿ ಕುರ್ಚಿ ಹಾಕಿಕೊಂಡು ನಮಾಝ್ ಮಾಡುವವರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಅವರಲ್ಲಿ ಜಾಲಹಳ್ಳಿಯ ಬಿಇಎಲ್‌ನಲ್ಲಿ ದುಡಿದವರಿದ್ದಾರೆ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಬೆವರು ಸುರಿಸಿದವರಿದ್ದಾರೆ. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು, ಹೆಬ್ಬಾಳದಲ್ಲಿ ಗ್ಯಾರೇಜ್ ಇಟ್ಟವರು, ಮೂವತ್ತು ವರ್ಷ ಆಟೋ ಓಡಿಸಿದವರೂ ಇದ್ದಾರೆ. ಕೆಲವರಿಗೆ ತಿಂಗಳ ಪಿಂಚಣಿ ಇದೆ. ಹೆಚ್ಚಿನವರಿಗೆ ಮಕ್ಕಳೇ ಪಿಂಚಣಿ. ಮಕ್ಕಳು ಒಳ್ಳೆಯವರಾದರೆ ಅಲ್‌ಹಮ್ದುಲಿಲ್ಲಾಹ್. ಆದರೆ ಆ ಮಕ್ಕಳಿಗೂ ಈ ಊರಿನಲ್ಲಿ ಮನೆ ಬಾಡಿಗೆ, ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಇದ್ದೇ ಇವೆ.

ಅಲ್ಲಾಹನು ಮನುಷ್ಯನನ್ನು ದುರ್ಬಲ ಸ್ಥಿತಿಯಲ್ಲಿ ಸೃಷ್ಟಿಸಿ, ಬಳಿಕ ಬಲ ಕೊಟ್ಟು, ಆ ಬಲದ ನಂತರ ಮತ್ತೆ ದೌರ್ಬಲ್ಯವನ್ನೂ ನರೆಗೂದಲನ್ನೂ ಕೊಡುತ್ತಾನೆಂದು ಸೂರಃ ಅರ್ರೂಮ್‌ನಲ್ಲಿ ತಿಳಿಸಲಾಗಿದೆ. ಮುಪ್ಪು ಅನಿರೀಕ್ಷಿತವಾಗಿ ಬರುವ ಅತಿಥಿಯಲ್ಲ, ಮೊದಲೇ ಹೇಳಿ ಬರುವವನು. ಹಾಗಿದ್ದೂ ನಾವು ಅವನಿಗಾಗಿ ಏನನ್ನೂ ಎತ್ತಿಡದೆ, "ತವಕ್ಕುಲ್ ಇದೆ, ಅಲ್ಲಾಹು ನೋಡಿಕೊಳ್ಳುತ್ತಾನೆ" ಎನ್ನುತ್ತೇವೆ. ಯೂಸುಫ್(ಅ)ರಿಗಿಂತ ದೊಡ್ಡ ತವಕ್ಕುಲ್ ನಮ್ಮದೇ? ಏಳು ವರ್ಷ ಬೆಳೆದ ಧಾನ್ಯವನ್ನು ತೆನೆಯಲ್ಲೇ ಉಳಿಸಿ, ತಿನ್ನುವಷ್ಟು ಮಾತ್ರ ಬಳಸಿ, ಮುಂದಿನ ಏಳು ಬರಗಾಲದ ವರ್ಷಗಳಿಗೆ ಕಾಪಿಡಬೇಕೆಂದು ಅವರೇ ಹೇಳಿಕೊಟ್ಟರು. ಪ್ರವಾದಿವರ್ಯರು(ಸ) ತಮ್ಮ ಕುಟುಂಬಕ್ಕಾಗಿ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ನಾಳೆಗೆ ಎತ್ತಿಡುವುದು ಈಮಾನಿನ ಕೊರತೆಯಲ್ಲ, ನಮ್ಮ ಕೈಗೆ ಒಪ್ಪಿಸಿದ ಅಮಾನತಿನ ರಕ್ಷಣೆ.

ನಿವೃತ್ತಿ ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಕ್ಕೇ ಬರುತ್ತದೆಂಬ ಭರವಸೆಯೂ ಇಲ್ಲ. ನಮ್ಮ ಪಕ್ಕದ ಜಾಲಹಳ್ಳಿಯಲ್ಲಿ 1961ರಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. ಮದುವೆಯ ಉಡುಗೊರೆಯಾಗಿ ಮದುಮಗನಿಗೆ ಎಚ್‌ಎಂಟಿ ವಾಚು ಕಟ್ಟುತ್ತಿದ್ದ ಕಾಲವದು. ಅಲ್ಲಿ ಕೆಲಸ ಸಿಕ್ಕಿದರೆ ಹುಡುಗನ ಬದುಕು ದಡ ಸೇರಿತೆಂದು ಹಿರಿಯರು ಭಾವಿಸುತ್ತಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟವು ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಉಳಿದಿದ್ದ ನೌಕರರು ಸ್ವಯಂ ನಿವೃತ್ತಿಯ ಹಣ ಪಡೆದು ಹೊರಬರಬೇಕಾಯಿತು. ಆದ್ದರಿಂದ ಐವತ್ತೆಂಟಕ್ಕೆ ನೋಡೋಣ, ಅರವತ್ತಕ್ಕೆ ನೋಡೋಣ ಎನ್ನುವುದು ಬೇಡ.

ಈಗ ಆ ದಿನ ಬರುವ ಹಣದ ವಿಷಯಕ್ಕೆ ಬರೋಣ. ಪಿಎಫ್ ಮತ್ತು ಗ್ರಾಚ್ಯುಯಿಟಿ ಸೇರಿ ಒಬ್ಬರಿಗೆ 30 ಲಕ್ಷ ಬಂತೆಂದು ಇಟ್ಟುಕೊಳ್ಳಿ. ಇಡೀ ಜೀವನದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡಿರುವುದಿಲ್ಲ. ಸುದ್ದಿ ಮನೆಯವರಿಗೆ ಗೊತ್ತಾಗುವ ಮೊದಲೇ ಬೀದಿಗೆ ಗೊತ್ತಾಗುತ್ತದೆ. ಮಗಳ ಮದುವೆಯ ಶಾದಿ ಮಹಲ್, ಬಿರಿಯಾನಿ, ಒಡವೆ ಎಂದು 12 ಲಕ್ಷ. ಮಗನಿಗಾಗಿ ಮೇಲೊಂದು ಮಹಡಿ ಎಂದು 15 ಲಕ್ಷ. ಉಳಿಯುವುದು 3 ಲಕ್ಷ. ತಿಂಗಳಿಗೆ 25 ಸಾವಿರ ಖರ್ಚಿನ ಮನೆಯಲ್ಲಿ ಅದು ಸರಿಯಾಗಿ ಹನ್ನೆರಡು ತಿಂಗಳ ಅನ್ನ. ಹದಿಮೂರನೆಯ ತಿಂಗಳಿನಿಂದ ಆ ತಂದೆ ರಕ್ತದೊತ್ತಡದ ಮಾತ್ರೆಗೂ ಸೊಸೆಯ ಮುಖ ನೋಡಬೇಕು. ಇದರಲ್ಲಿ ಸೊಸೆಯ ತಪ್ಪೇನೂ ಇಲ್ಲ.

ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಶೇ. 6ರಂತೆ ಏರಿದರೆ ಸಾಕು, 12 ವರ್ಷದಲ್ಲಿ ಖರ್ಚು ದುಪ್ಪಟ್ಟು. ಇಂದು 48 ವಯಸ್ಸಿನವರು 25 ಸಾವಿರದಲ್ಲಿ ಮನೆ ನಡೆಸುತ್ತಿದ್ದರೆ, ಅರವತ್ತಕ್ಕೆ ಅದೇ ಅಕ್ಕಿ ಬೇಳೆಗೆ 50 ಸಾವಿರ ಬೇಕು. ಸಂಘಟಿತ ಖಾಸಗಿ ವಲಯದಲ್ಲಿ ಕನಿಷ್ಠ 10 ವರ್ಷ ದುಡಿದವರಿಗೆ 58ರ ನಂತರ ಇಪಿಎಫ್‌ನ ಪಿಂಚಣಿ ಸಿಗುತ್ತದೆ. ಆದರೆ ಅದರ ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದ ತಿಂಗಳಿಗೆ 1,000 ರೂಪಾಯಿ. ಅದನ್ನು ನಂಬಿ ಮಲಗುವಂತಿಲ್ಲ.

ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ತಮ್ಮ ಸಂಪತ್ತಿನ ಮೂರರಲ್ಲಿ ಎರಡು ಭಾಗವನ್ನು ದಾನ ಮಾಡಲು ಬಯಸಿದರು. ಪ್ರವಾದಿ(ಸ) ಒಪ್ಪಲಿಲ್ಲ. ಅರ್ಧ ಎಂದಾಗಲೂ ಒಪ್ಪಲಿಲ್ಲ. ಮೂರನೇ ಒಂದು ಎಂದಾಗ, ಅದೂ ಹೆಚ್ಚೇ ಎಂದರು. ಮನೆಯವರು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅವರನ್ನು ಸ್ವಾವಲಂಬಿಗಳಾಗಿ ಬಿಟ್ಟುಹೋಗುವುದು ಮೇಲೆಂದು ತಿಳಿಸಿದರು. ಸಹೋದರರೇ, ಅಲ್ಲಾಹನ ಮಾರ್ಗದಲ್ಲಿ ಕೊಡುವುದಕ್ಕೇ ಇಂತಹ ಮಿತಿ ಇರುವಾಗ, ಒಂದು ಸಂಜೆಯ ಶಾದಿ ಮಹಲಿಗೆ ಮುಪ್ಪಿನ ಅನ್ನವನ್ನು ಸುರಿಯಲು ನಮಗೆ ಅನುಮತಿ ಕೊಟ್ಟವರು ಯಾರು? ನಿವೃತ್ತಿಯ ಹಣ ಮೊದಲು ಆ ಇಬ್ಬರು ಮುದುಕರದು. ಮಕ್ಕಳಿಗೆ ಏನಾದರೂ ಕೊಡುವುದಿದ್ದರೆ ಅದು ಆಮೇಲಿನ ಮಾತು.

ಇನ್ನೊಂದು ಗಾಯವನ್ನು ಇಲ್ಲಿ ಮುಟ್ಟಲೇಬೇಕಾಗಿದೆ. 2019ರ ಈದುಲ್ ಫಿತ್ರ್ ಕಳೆದು ವಾರವೂ ಆಗಿರಲಿಲ್ಲ, ಶಿವಾಜಿನಗರದ ಐಎಂಎ ಕಚೇರಿಯ ಮುಂದೆ ನಮ್ಮ ಜನ ಸಾಲುಗಟ್ಟಿ ನಿಂತರು. ಹತ್ತಾರು ಸಾವಿರ ಮಂದಿ ದೂರು ಕೊಟ್ಟರು. ಪ್ರಕರಣ ಆ ವರ್ಷವೇ ಸಿಬಿಐ ಕೈ ಸೇರಿತು. ಅದಕ್ಕೂ ಹಿಂದಿನ ವರ್ಷ ಆಂಬಿಡೆಂಟ್ ಪ್ರಕರಣ ಸುದ್ದಿಯಾಗಿತ್ತು. ಆ ಸಾಲಿನಲ್ಲಿ ಗ್ರಾಚ್ಯುಯಿಟಿ ಇಟ್ಟವರಿದ್ದರು, ಮಗಳ ಒಡವೆ ಮಾರಿ ಇಟ್ಟವರಿದ್ದರು, ಹಜ್ಜಿಗೆಂದು ಕೂಡಿಟ್ಟವರಿದ್ದರು. ಬಡ್ಡಿ ಹರಾಮ್ ಎಂಬ ಭಯದಿಂದಲೇ ಅವರು ಬ್ಯಾಂಕಿನಿಂದ ದೂರವಿದ್ದರು. ಅವರ ತಕ್ವಾವನ್ನು ಯಾರೂ ಹಾಸ್ಯ ಮಾಡಬಾರದು.

ಆದರೆ ಶರೀಅತ್ ನಮಗೆ ಒಂದು ಅಳತೆಗೋಲನ್ನೂ ಕೊಟ್ಟಿದೆ. ಮುಝಾರಬದಲ್ಲಿ ಲಾಭವನ್ನು ಪಾಲಿನ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. ಪ್ರತಿ ತಿಂಗಳು ಇಷ್ಟೇ ರೂಪಾಯಿ ಖಚಿತ, ಅಸಲಿಗೂ ಗ್ಯಾರಂಟಿ ಎಂದರೆ ಆ ಕರಾರೇ ಕೆಡುತ್ತದೆ. ವ್ಯಾಪಾರದಲ್ಲಿ ನಷ್ಟ ಬಂದರೆ ಬಂಡವಾಳ ಹಾಕಿದವನೇ ಅದನ್ನು ಹೊರಬೇಕು. ಹಾಗಿರುವಾಗ ಹಸಿರು ಬೋರ್ಡಿನ ಮೇಲೆ ಹಲಾಲ್ ಎಂದು ಬರೆದು ನಿಗದಿತ ಆದಾಯದ ಮಾತಾಡುವವನು, ಪೊಲೀಸರಿಗಿಂತ ಮೊದಲು ಫಿಕ್ಹ್‌ನ ಪರೀಕ್ಷೆಯಲ್ಲೇ ಸೋಲುತ್ತಾನೆ. ಗಡ್ಡ, ಟೋಪಿ, ಇಫ್ತಾರ್ ಕೂಟ, ಶಾಲೆಗೆ ಕೊಟ್ಟ ದೇಣಿಗೆ, ಇವು ಲೆಕ್ಕಪತ್ರಗಳಲ್ಲ. ಹಣ ಕೊಡುವ ಮೊದಲು ಆ ಸಂಸ್ಥೆ ರಿಸರ್ವ್ ಬ್ಯಾಂಕ್ ಅಥವಾ ಸೆಬಿಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ. ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣ ಇದಕ್ಕೆಂದೇ ಇದೆ. ಸೆಬಿಯ ನಿಯಮಕ್ಕೊಳಪಟ್ಟು, ಬಡ್ಡಿ ಮತ್ತು ಮದ್ಯದ ವ್ಯವಹಾರದ ಕಂಪೆನಿಗಳನ್ನು ಬಿಟ್ಟು ಹಣ ಹೂಡುವ ಶರೀಅತ್ ಆಧಾರಿತ ಫಂಡುಗಳೂ ನಮ್ಮ ದೇಶದಲ್ಲಿವೆ. ಅವು ಏರುತ್ತವೆ, ಇಳಿಯುತ್ತವೆ, ಲಾಭದ ಭರವಸೆ ಕೊಡುವುದಿಲ್ಲ. ಮಿಂಬರ್‌ನಿಂದ ನಾವು ಯಾವುದರ ಹೆಸರನ್ನೂ ಹೇಳುವುದಿಲ್ಲ, ಹೇಳಲೂಬಾರದು. ಬಾಡಿಗೆ ಬರುವ ಒಂದು ಚಿಕ್ಕ ಮನೆ, ಸ್ವಲ್ಪ ಚಿನ್ನ, ಸ್ವಲ್ಪ ಕೈಗೆ ಸಿಗುವ ನಗದು ಎಂದು ಬೇರೆ ಬೇರೆ ಕಡೆ ಇಡುವುದು ಹಿರಿಯರ ಜಾಣತನವಾಗಿತ್ತು. ಎಲ್ಲವನ್ನೂ ಒಂದೇ ಕೈಗೆ ಕೊಡಬೇಡಿ, ಆ ಕೈ ಸ್ವಂತ ಅಳಿಯನದಾದರೂ.

ಪಿಎಫ್ ಬಗ್ಗೆ ಅನೇಕರು ಕೇಳುತ್ತಾರೆ. ಸಂಬಳದಿಂದ ಕಡ್ಡಾಯವಾಗಿ ಕಡಿತವಾಗುವ ಹಣ ನೌಕರನ ಕೈಗೇ ಬಂದಿರುವುದಿಲ್ಲ, ಆದ್ದರಿಂದ ಅದರೊಂದಿಗೆ ಸೇರಿ ಬರುವುದನ್ನು ಪಡೆಯಬಹುದು ಎಂಬುದು ನಮ್ಮ ನಾಡಿನ ಹಲವು ಉಲಮಾಗಳ ಅಭಿಪ್ರಾಯ. ತಾನಾಗಿ ಹೆಚ್ಚುವರಿ ಕಟ್ಟುವ ಭಾಗದಲ್ಲಿ ಎಚ್ಚರಿಕೆ ಬೇಕೆಂದು ಅವರೇ ಹೇಳುತ್ತಾರೆ. ನಿಮ್ಮ ಸ್ಥಿತಿಯನ್ನು ನಿಮಗೆ ವಿಶ್ವಾಸವಿರುವ ಮುಫ್ತಿಯವರ ಮುಂದಿಟ್ಟು ಕೇಳಿ.

ಸ್ವಂತ ದುಡಿಮೆಯವರಿಗೆ ಪಿಎಫ್ ಇಲ್ಲ, ಬೀಳ್ಕೊಡುಗೆಯ ಹಾರವೂ ಇಲ್ಲ. ಮೊಣಕಾಲು ಬೇಡವೆಂದ ದಿನವೇ ಅವರ ನಿವೃತ್ತಿ. ಆಟೋ ಓಡಿಸುವವರು, ಟೈಲರ್‌ಗಳು, ಮೆಕ್ಯಾನಿಕ್‌ಗಳು ದಿನಕ್ಕೆ 100 ರೂಪಾಯಿಯನ್ನು ಮುಟ್ಟದೆ ಎತ್ತಿಟ್ಟರೆ ವರ್ಷಕ್ಕೆ 36,500, ಇಪ್ಪತ್ತು ವರ್ಷಕ್ಕೆ 7 ಲಕ್ಷ 30 ಸಾವಿರ. ದೊಡ್ಡ ಮೊತ್ತವೇನಲ್ಲ, ನಿಜ. ಆದರೆ ಕಣ್ಣಿನ ಪೊರೆಯ ಆಪರೇಷನ್ನಿಗೆ ಚಂದಾ ಎತ್ತಬೇಕಾಗುವುದಿಲ್ಲ. ಏನೂ ಇಲ್ಲದೆ 65 ದಾಟಿದ ಬಡವರಿಗೆ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಅರ್ಜಿ ಹಾಕಲು ನಾಚಿಕೆ ಬೇಡ. ಬೇಡುತ್ತಿದ್ದ ಮುಸ್ಲಿಮೇತರ ವೃದ್ಧರೊಬ್ಬರನ್ನು ಕಂಡು ಉಮರ್(ರ) ಬೈತುಲ್ ಮಾಲ್‌ನಿಂದ ಅವರಿಗೆ ವ್ಯವಸ್ಥೆ ಮಾಡಿಸಿದ್ದನ್ನು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ಮುಪ್ಪಿನಲ್ಲಿ ನೆರವು ಪಡೆಯುವುದು ನಮ್ಮ ಚರಿತ್ರೆಗೆ ಹೊಸತಲ್ಲ.

ಮನೆಯಲ್ಲಿ ಇದನ್ನು ಓದುವ ಸಹೋದರಿಯರು ಒಂದು ಮಾತು ಗಮನಿಸಬೇಕು. ಬ್ಯಾಂಕಿನಲ್ಲಿ ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಆ ಹಣ ನಿಮ್ಮದಾಗುವುದಿಲ್ಲ. ನಾಮಿನಿ ಅದನ್ನು ಪಡೆದು ವಾರಸುದಾರರಿಗೆ ತಲುಪಿಸುವ ಅಮಾನತುದಾರ ಮಾತ್ರ. ಮಕ್ಕಳಿದ್ದರೆ ಪತ್ನಿಯ ಪಾಲು ಎಂಟರಲ್ಲಿ ಒಂದು. ಆದ್ದರಿಂದ ಗಂಡಸರೇ, ಮಹ್ರ್ ಬಾಕಿ ಇದ್ದರೆ ಅದು ಸಾಲ, ನಿವೃತ್ತಿಯ ಹಣ ಬಂದ ದಿನವೇ ತೀರಿಸಿ. ಮನೆಯನ್ನು ಮಕ್ಕಳಿಗೆ ಹಿಬಾ ಮಾಡುವ ಅವಸರ ಬೇಡ. ಹಿಬಾ ಪೂರ್ಣವಾಗಬೇಕಾದರೆ ಸ್ವಾಧೀನವನ್ನೂ ಬಿಟ್ಟುಕೊಡಬೇಕು, ಆಮೇಲೆ ಅದು ನಿಮ್ಮ ಸೂರಲ್ಲ. ಕೊಡಲೇಬೇಕೆಂದಿದ್ದರೆ ತಂದೆತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಮಕ್ಕಳ ವಿರುದ್ಧ ಅಲ್ಲಿಗೆ ಹೋಗುವ ದಿನ ಯಾರಿಗೂ ಬಾರದಿರಲಿ.

ಇನ್ನು ಮನಸ್ಸಿನ ವಿಷಯ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಓಡುತ್ತಿದ್ದ ಮನುಷ್ಯ ಒಂದು ಸೋಮವಾರ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಎಂದಾಗ, ಮೊದಲ ವಾರ ಹಬ್ಬದಂತಿರುತ್ತದೆ. ಎರಡನೇ ತಿಂಗಳಿಗೆ ಅಡುಗೆಮನೆಯಲ್ಲಿ ನಿಂತು ಸಾರಿಗೆ ಎಷ್ಟು ಎಣ್ಣೆ ಹಾಕಿದೆ ಎಂದು ಕೇಳಲು ಶುರುಮಾಡುತ್ತಾನೆ. ಆ ಮನೆಯಾಕೆಗೆ ಎಂದೂ ನಿವೃತ್ತಿ ಸಿಕ್ಕಿಲ್ಲ ಎಂಬುದು ಅವನ ಗಮನಕ್ಕೇ ಬಂದಿರುವುದಿಲ್ಲ. ಯಾರೂ ಫೋನ್ ಮಾಡುವುದಿಲ್ಲ, ಯಾರೂ ಸಾಹೇಬ್ರೇ ಎನ್ನುವುದಿಲ್ಲ. ಕೆಲವರು ಇದರಿಂದ ಒಳಗೇ ಕುಸಿಯುತ್ತಾರೆ. ನಿದ್ದೆ ಇಲ್ಲ, ಊಟ ಬೇಡ ಎಂದು ವಾರಗಟ್ಟಲೆ ನಡೆದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಅದನ್ನು ಈಮಾನ್ ದುರ್ಬಲವಾಯಿತು ಎಂದು ತೀರ್ಪು ಕೊಡಬೇಡಿ.

ಒಂದು ಕೆಲಸದಿಂದ ಬಿಡುವಾದಾಗ ಇನ್ನೊಂದು ಶ್ರಮಕ್ಕೆ ಎದ್ದು ನಿಲ್ಲಬೇಕೆಂದು ಸೂರಃ ಅಲ್ ಇನ್‌ಶಿರಾಹ್‌ನಲ್ಲಿ ಅಲ್ಲಾಹನು ತನ್ನ ಪ್ರವಾದಿಗೆ ಕಲಿಸುತ್ತಾನೆ. ಅಂದರೆ ಮೂಮಿನನಿಗೆ ನೌಕರಿಯಿಂದ ನಿವೃತ್ತಿ ಇದೆ, ದುಡಿಮೆಯಿಂದ ಇಲ್ಲ. ಮದ್‌ಯನ್‌ನ ಆ ವೃದ್ಧರನ್ನು ನೋಡಿ. ಕುರಿಗಳಿಗೆ ನೀರು ಕುಡಿಸುವ ಶಕ್ತಿ ಅವರಿಗಿರಲಿಲ್ಲ, ಹೆಣ್ಣುಮಕ್ಕಳು ಆ ಕೆಲಸ ಮಾಡುತ್ತಿದ್ದರು. ಆದರೆ ಮೂಸಾ(ಅ) ಬಂದಾಗ ಅವರನ್ನು ಕರೆಸಿ, ಮಗಳ ಸಲಹೆ ಕೇಳಿ, ಎಂಟು ವರ್ಷದ ಕೆಲಸ, ಹತ್ತಾದರೆ ನಿಮ್ಮ ಇಷ್ಟ ಎಂದು ಸ್ಪಷ್ಟ ಕರಾರು ಮಾಡಿಕೊಂಡವರು ಆ ವೃದ್ಧರೇ. ಕೈ ಸೋತರೂ ವಿವೇಕ ಸೋತಿರಲಿಲ್ಲ. ನಾವೂ ಮಕ್ಕಳ ಜೊತೆ ಹೀಗೆ ಬಾಯಿಬಿಟ್ಟು ಮಾತಾಡೋಣ: ನಮ್ಮ ಬಳಿ ಇಷ್ಟಿದೆ, ಇಷ್ಟು ಇಲ್ಲ, ಔಷಧಿಗೆ ನೀವು ಕೊಡಬೇಕಾದೀತು, ಮನೆ ನಮ್ಮ ಹೆಸರಲ್ಲೇ ಇರುತ್ತದೆ.

ಹೆಗಡೆ ನಗರದ ಹಜ್ ಭವನದಲ್ಲಿ ಪ್ರತಿವರ್ಷ ಊರುಗೋಲು ಹಿಡಿದು ಹೊರಡುವವರನ್ನು ನೋಡುತ್ತೇವೆ. ಹಜ್ ಕಡ್ಡಾಯವಾಗಿದ್ದರೆ ಅದನ್ನು ನಿವೃತ್ತಿಯವರೆಗೆ ಮುಂದೂಡಬೇಡಿ, ಕಾಲಿನಲ್ಲಿ ಬಲವಿರುವಾಗಲೇ ಹೋಗಿ.

ನಮ್ಮ ಮೊಹಲ್ಲಾದಲ್ಲಿ ಪಿಎಫ್ ಅರ್ಜಿ ತುಂಬಲಾಗದೆ ಅಲೆಯುವ ವಿಧವೆಯರಿದ್ದಾರೆ, ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರಕ್ಕೆ ಮೊಮ್ಮಗನನ್ನು ಕಾಯುವ ಪಿಂಚಣಿದಾರರಿದ್ದಾರೆ. ಅದೇ ಮೊಹಲ್ಲಾದಲ್ಲಿ ನಿವೃತ್ತರಾದ ಬ್ಯಾಂಕ್ ನೌಕರರು, ಗುಮಾಸ್ತರು, ಮೇಷ್ಟ್ರುಗಳು ಝುಹರ್‌ನಿಂದ ಅಸರ್‌ವರೆಗೆ ಮಸೀದಿಯ ಮೆಟ್ಟಿಲಲ್ಲಿ ಕೂತು ಹೊತ್ತು ಕಳೆಯುತ್ತಾರೆ. ಇವರಿಬ್ಬರನ್ನೂ ಒಂದು ಮೇಜಿನ ಎರಡು ಬದಿಗೆ ಕೂರಿಸಬೇಕೆಂಬುದು ನಮ್ಮ ಆಸೆ. ಮುಂದಿನ ಭಾನುವಾರ ಝುಹರ್ ನಂತರ ವುಝೂಖಾನೆಯ ಪಕ್ಕದ ಕೋಣೆಯಲ್ಲಿ ಆ ಮೇಜು ಇರುತ್ತದೆ. ಬರೆಯಲು ಬರುವವರು ಪೆನ್ನು, ಕನ್ನಡಕ ತನ್ನಿ. ಅರ್ಜಿ ಇರುವವರು ಆಧಾರ್, ಪಾಸ್‌ಬುಕ್ ಮತ್ತು ಪಿಎಫ್ ನಂಬರ್ ತನ್ನಿ.