ಪ್ರಕಟಣೆಯ ಕೃಪೆಗಾಗಿ

ಬೆಳ್ತಂಗಡಿಯಿರಲಿ, ಮೂಡುಬಿದಿರೆಯಿರಲಿ, ತಾಲೂಕು ವರದಿಗಾರರ ವಾಟ್ಸಾಪಿಗೆ ಬಂದು ಬೀಳುವ ಪತ್ರಿಕಾ ಹೇಳಿಕೆಯ ನೆತ್ತಿಯ ಮೇಲೆ ಈ ಎರಡು ಪದ ಇದ್ದೇ ಇರುತ್ತವೆ. ಜೊತೆಗೊಂದು ಫೋಟೊ. ಸರಕಾರಿ ಶಾಲೆಯ ಜಗಲಿ, ಗೋಡೆಗೆ ಹೊಸದಾಗಿ ಕೂರಿಸಿದ ನೀರಿನ ಫಿಲ್ಟರ್, ಅದಕ್ಕೊಂದು ಕೆಂಪು ರಿಬ್ಬನ್. ಕತ್ತರಿ ಒಂದೇ, ಅದಕ್ಕೆ ಕೈ ತಾಗಿಸಿಕೊಂಡವರು ಏಳು ಮಂದಿ. ಬ್ಯಾನರಿನ ಮೇಲಿನ ಕಂಪೆನಿಯ ಹೆಸರು ಮುಚ್ಚಿಹೋಗದಂತೆ ಮಕ್ಕಳನ್ನು ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಲಾಗಿದೆ. ಕೆಲವೊಮ್ಮೆ ಒಕ್ಕಣೆ ಫೋಟೊಗಿಂತ ಮೊದಲೇ ತಲುಪುವುದುಂಟು: ‘ಹಸ್ತಾಂತರಿಸಲಾಯಿತು’ ಎಂದು ಬರೆದಾಗಿದೆ, ಅತಿಥಿಗಳ ಕಾರು ಇನ್ನೂ ಗುರುವಾಯನಕೆರೆ ದಾಟಿಲ್ಲ. ಎರಡು ಮಳೆಗಾಲ ಕಳೆದು ಅದೇ ಜಗಲಿಗೆ ಹೋದರೆ ಫಿಲ್ಟರಿನ ಕ್ಯಾಂಡಲ್ ಬದಲಾಗಿರುವುದಿಲ್ಲ, ಬಿಸಿಯೂಟದ ಅಕ್ಕ ಮೊದಲಿನಂತೆ ನೀರು ಕುದಿಸಿ ಕೊಡುತ್ತಿರುತ್ತಾರೆ. ‘ಕೊಡುಗೆ’ ಎಂದು ಕೊರೆದ ಸ್ಟೀಲಿನ ಫಲಕಕ್ಕೆ ಮಾತ್ರ ಏನೂ ಆಗಿರುವುದಿಲ್ಲ.

ಕೊಟ್ಟವರು ಹೆಸರು ಬರೆಸಿಕೊಳ್ಳುವುದು ಈ ಸೀಮೆಗೆ ಹೊಸತಲ್ಲ. ವೇಣೂರಿನಲ್ಲಿ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನ ಹೆಸರು ಶಾಸನದಲ್ಲಿದೆ. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರಿರುತ್ತದೆ, ಬೆಳಕಿಗೆ ಅಡ್ಡ ಬರುವಷ್ಟು ದಪ್ಪ ಅಕ್ಷರದಲ್ಲಿ. ದತ್ತಿ ಉಪನ್ಯಾಸವೂ ದಾನಿಯ ಸ್ಮರಣೆಯಿಲ್ಲದೆ ಶುರುವಾಗುವುದಿಲ್ಲವಾದ್ದರಿಂದ ಇಲ್ಲಿ ಹೆಚ್ಚು ನಗುವಂತಿಲ್ಲ. ಹೆಸರಿನ ಆಸೆ ಮನ್ನಿಸಬಹುದಾದದ್ದು. ಫಲಕ ಏನನ್ನು ಮರೆಮಾಡುತ್ತಿದೆ ಎಂದು ನೋಡುವುದು ಬೇರೆ ಕೆಲಸ.

ಮರೆಮಾಡುವ ಕಸುಬಿಗೆ ಒಂದು ಹುಟ್ಟೂರಿದೆ. 1914ರ ಏಪ್ರಿಲ್ 20ರಂದು ಅಮೆರಿಕದ ಕೊಲರಾಡೊದ ಲಡ್ಲೊ ಎಂಬಲ್ಲಿ ಮುಷ್ಕರ ನಿರತ ಕಲ್ಲಿದ್ದಲು ಕಾರ್ಮಿಕರ ಡೇರೆಗಳ ಮೇಲೆ ದಾಳಿಯಾಗಿ, ಬೆಂಕಿಗೆ ಹೆಂಗಸರು ಮಕ್ಕಳೂ ಬಲಿಯಾದರು. ಗಣಿ ರಾಕ್‌ಫೆಲರ್ ಮನೆತನದ್ದು. ಕೆಟ್ಟ ಹೆಸರನ್ನು ತೊಳೆಯಲು ಆ ಮನೆತನ ಐವಿ ಲೀ ಎಂಬಾತನನ್ನು ನೇಮಿಸಿಕೊಂಡಿತು. ಜನಸಂಪರ್ಕ ವಿದ್ಯೆಯ ಪಿತಾಮಹರಲ್ಲಿ ಒಬ್ಬನೆಂದು ಪಠ್ಯಪುಸ್ತಕಗಳು ಕೊಂಡಾಡುವುದು ಇವನನ್ನೇ.

ಭಾರತದಲ್ಲಿ ಕಂಪೆನಿಗಳ ಕೊಡುಗೆಗೆ ಕಾನೂನಿನ ಮುದ್ರೆ ಬಿದ್ದದ್ದು 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನಿಂದ. 2014ರ ಏಪ್ರಿಲ್ 1ರಿಂದ, ವರ್ಷಕ್ಕೆ ₹5 ಕೋಟಿ ನಿವ್ವಳ ಲಾಭ ಅಥವಾ ₹1,000 ಕೋಟಿ ವಹಿವಾಟು ಅಥವಾ ₹500 ಕೋಟಿ ನಿವ್ವಳ ಮೌಲ್ಯವಿರುವ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಪ್ರಚಾರದ ಚಪಲ ಸರಕಾರಕ್ಕೂ ಗೊತ್ತಿತ್ತು. ಮ್ಯಾರಥಾನ್, ಪ್ರಶಸ್ತಿ, ಜಾಹೀರಾತು, ಟಿವಿ ಪ್ರಾಯೋಜಕತ್ವ ಇವೆಲ್ಲ ಲೆಕ್ಕಕ್ಕಿಲ್ಲ ಎಂದು ಅದೇ ವರ್ಷದ ಜೂನ್‌ನಲ್ಲಿ ಸುತ್ತೋಲೆ ಹೊರಟಿತು. ಸರಕಿನ ಮಾರಾಟಕ್ಕೆ ಅನುಕೂಲವಾಗುವ ಪ್ರಾಯೋಜಕತ್ವ ಸಲ್ಲದೆಂದು 2021ರ ತಿದ್ದುಪಡಿ ಇನ್ನೂ ಬಿಡಿಸಿ ಹೇಳಿತು. ಫಿಲ್ಟರಿನ ರಿಬ್ಬನ್ನಿಗೆ ಇದ್ಯಾವುದೂ ತಾಗುವುದಿಲ್ಲ. ಪತ್ರಿಕೆಯವರು ಫೋಟೊ ಹಾಕುವುದು ಪುಕ್ಕಟೆ. ಮೇಲಾಗಿ, ಕಾನೂನು ಹೇಳಿದ್ದಕ್ಕೆ ಕೊಟ್ಟದ್ದನ್ನು ‘ಉದಾರ ಕೊಡುಗೆ’ ಎಂದು ಅಚ್ಚುಹಾಕುವವರು ತೆರಿಗೆ ಕಟ್ಟಿದವರಿಗೂ ಶಾಲು ಹೊದೆಸಬೇಕಾದೀತು.

ಹಾಗೆಂದು ಎಲ್ಲವೂ ಬೂಟಾಟಿಕೆ ಎನ್ನಲು ಹೋದರೆ 108 ಅಡ್ಡ ನಿಲ್ಲುತ್ತದೆ. ಆ ಆಂಬುಲೆನ್ಸ್ ಸೇವೆಯ ಸಂಸ್ಥೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಹುಟ್ಟುಹಾಕಿದ್ದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು. 2008ರ ನವೆಂಬರಿನಲ್ಲಿ ಅದು ಕರ್ನಾಟಕಕ್ಕೆ ಬಂತು. ಸತ್ಯಂಗೆ ಉತ್ತಮ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸಿಕ್ಕಿದ್ದೂ 2008ರಲ್ಲೇ. 2009ರ ಜನವರಿ 7ರಂದು ಲೆಕ್ಕಪತ್ರಗಳೇ ಸುಳ್ಳೆಂದು ರಾಜು ಬರೆದುಕೊಟ್ಟರು. ಆಂಬುಲೆನ್ಸ್ ಅಸಲಿ, ಲೆಕ್ಕ ನಕಲಿ. ಒಂದು ಇನ್ನೊಂದಕ್ಕೆ ಸಾಕ್ಷಿಯಾಗಲಾರದು, ಅಷ್ಟೇ.

ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. 2015ರಲ್ಲಿ ಅದು ಲ್ಯಾಂಕೊದಿಂದ ಅದಾನಿ ಕೈಗೆ ಬಂತು. ಸುತ್ತಲ ಹಳ್ಳಿಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಗಟ್ಟಲೆ ನಡೆಸಿದ ವ್ಯಾಜ್ಯದಲ್ಲಿ, ಪರಿಸರ ಹಾನಿಗಾಗಿ ₹52 ಕೋಟಿ ಪರಿಹಾರ ಕಟ್ಟುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಮೇ 31ರಂದು ಆದೇಶಿಸಿತು. ಅದಕ್ಕೆ ರಿಬ್ಬನ್ ಇರಲಿಲ್ಲ.

ಕಂಪೆನಿಗಳ ಈ ವೆಚ್ಚಕ್ಕಿರುವ ‘ಸಾಮಾಜಿಕ ಹೊಣೆಗಾರಿಕೆ’ ಎಂಬ ಅನುವಾದದ ಹೆಸರಲ್ಲೇ ತಕರಾರಿದೆ. ಕನ್ನಡದಲ್ಲಿ ಹೊಣೆ ಎಂದರೆ ಜಾಮೀನು. ಸೊಸೈಟಿಯಲ್ಲಿ ನೆರೆಯವನ ಸಾಲಕ್ಕೆ ಜಾಮೀನು ಹಾಕಿದವನ ಫೋಟೊ ಯಾರೂ ತೆಗೆಯುವುದಿಲ್ಲ. ಸಾಲಗಾರ ಕಂತು ತಪ್ಪಿಸಿದರೆ ನೋಟಿಸು ಜಾಮೀನುದಾರನ ಮನೆಗೇ ಬರುತ್ತದೆ. ಕಂಪೆನಿಗಳ ಹೊಣೆಗಾರಿಕೆಯಲ್ಲಿ ನೋಟಿಸಿನ ಭಾಗ ಕಳಚಿಹೋಗಿ ಉಪಕಾರದ ಭಾಗ ಉಳಿದಿದೆ.

ಹೊಣೆ ತಪ್ಪಿದರೆ ಏನಾಗುತ್ತದೆಂದು ನೋಡಲು ಬೆಳ್ತಂಗಡಿಯವರು ದೂರ ಹೋಗಬೇಕಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯ ಗೇರುಗುಡ್ಡೆಗಳಿವೆ. ಅಲ್ಲಿ ಗೇರಿಗೆ ಬರುವ ಟೀ ಸೊಳ್ಳೆಯ ಕಾಟಕ್ಕೆಂದು 2000ದವರೆಗೂ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಮದ್ದು ಬಿಡುತ್ತಿದ್ದರು. ಬಿಡಿಸಿದ್ದು ಯಾವುದೋ ಪರದೇಶಿ ಕಂಪೆನಿಯಲ್ಲ, ಸರಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮ. ಹೀಗಾಗಿ ಖಾಸಗಿಯವರನ್ನಷ್ಟೇ ಬೈದು ಎದ್ದುಹೋಗಲು ಬರುವುದಿಲ್ಲ. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಪತ್ರಕರ್ತ ಶ್ರೀಪಡ್ರೆ, ವೈದ್ಯ ಮೋಹನ್ ಕುಮಾರ್ ಇದೇ ಮದ್ದಿನಿಂದ ಜನರಿಗಾಗುತ್ತಿದ್ದ ಹಾನಿಯ ಬಗ್ಗೆ ಕೂಗಿ ಹೇಳಿದ್ದರು. ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ ₹5 ಲಕ್ಷ ಕೊಡಬೇಕೆಂದು ಕೇರಳ ಸರಕಾರಕ್ಕೆ ಅದು ಹೇಳಿದ್ದು 2017ರಲ್ಲಿ.

ಕೊಕ್ಕಡಕ್ಕೆ ಸಿಕ್ಕಿದ್ದು ಮಾಸಾಶನ ಮತ್ತು ಹಗಲು ಪಾಲನಾ ಕೇಂದ್ರ. ಎರಡೂ ಬೇಕಾದವೇ. ಆದರೆ ಅಲ್ಲಿಯವರು ಕೇಳುತ್ತ ಬಂದದ್ದು ಶಾಶ್ವತ ಪುನರ್ವಸತಿ ಕೇಂದ್ರವನ್ನು. ಮದ್ದು ಬಿಡುತ್ತಿದ್ದ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು ನಲವತ್ತು ವರ್ಷ. ಅವರನ್ನು ಎತ್ತಿ ಸ್ನಾನ ಮಾಡಿಸಿ ಊಟ ಉಣ್ಣಿಸುವ ತಾಯಂದಿರಿಗೆ ಅರುವತ್ತು ಎಪ್ಪತ್ತು. ಪಾಲನಾ ಕೇಂದ್ರ ಸಂಜೆಗೆ ಮುಚ್ಚುತ್ತದೆ.