ಕೆರೆಯನ್ನು ಕಾಯುವವರು

ಲಕ್ಷ್ಮೀಧರಾಮಾತ್ಯನ ಶಾಸನ ಕನ್ನಡದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ವಿಜಯನಗರದ ಕಾಲದ ಆ ಅಮಾತ್ಯನಿಗೆ ತಾಯಿ ಹಾಲೂಡಿಸುವಾಗಲೇ ಕಿವಿಯಲ್ಲಿ ಹೇಳಿದ ಬುದ್ಧಿಮಾತುಗಳಲ್ಲಿ ಕೆರೆ ಕಟ್ಟಿಸುವುದೇ ಮೊದಲನೆಯದು. ಮೂವತ್ತು ವರ್ಷ ತರಗತಿಯಲ್ಲಿ ಇದನ್ನು ಪಾಠ ಹೇಳಿದವನು ನಾನು. ಆ ಪದ್ಯದಲ್ಲಿ ಒಂದು ಮಾತು ಇಲ್ಲವೆಂಬುದು ಹೊಳೆದದ್ದು ಮಾತ್ರ ನಿವೃತ್ತನಾದ ಮೇಲೆ, ನಮ್ಮ ಬಡಾವಣೆಯ ಕೆರೆಯ ದಂಡೆಯಲ್ಲಿ ಮೊಣಕಾಲಿನವರೆಗೆ ಕೆಸರಾಗಿ ನಿಂತಾಗ. ಕಟ್ಟಿಸಿದ ಕೆರೆಯ ಹೂಳೆತ್ತುವವರು ಯಾರು? ತಾಯಿ ಅದನ್ನು ಹೇಳಲಿಲ್ಲ. ಹಾಲು ಕುಡಿಯುವ ಕೂಸಿಗೆ ಅಷ್ಟೆಲ್ಲ ಹೇಳುವ ಅಗತ್ಯವಿರಲಿಲ್ಲವೇನೋ!

ಹಾಗೆಂದು ನಮ್ಮ ಹಿರಿಯರು ಈ ವಿಷಯವನ್ನು ಮರೆತಿದ್ದರೆಂದಲ್ಲ. ಬೇರೆ ಶಾಸನಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ. ಕೆರೆಯ ರಕ್ಷಣೆಗಾಗಿ ಬಿಟ್ಟ ದತ್ತಿಗೆ ಬಿತ್ತುವಟ್ಟ ಎಂಬ ಹೆಸರಿತ್ತು. ಕೆರೆ ಕಟ್ಟಿದವನಿಗೆ, ಅದನ್ನು ಸುಸ್ಥಿತಿಯಲ್ಲಿಡುವವನಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಹೂಳು ಸಾಗಿಸುವ ಬಂಡಿಗೂ, ಅದನ್ನು ಎಳೆಯುವ ಕೋಣಗಳಿಗೂ ದತ್ತಿ ಬಿಟ್ಟ ಉಲ್ಲೇಖಗಳುಂಟು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ಕೆರೆಯನ್ನು ಕಾಯುವುದು ಪುಣ್ಯದ ಕೆಲಸ, ನಿಜ. ಆದರೆ ಅದಕ್ಕೆ ಒಂದು ಹಕ್ಕು, ಒಂದು ಜೀವನಾಧಾರ ಬೆನ್ನಿಗಿತ್ತು.

ಅದನ್ನು ಸುವರ್ಣಯುಗವೆಂದು ನಾನು ಹೊಗಳುತ್ತಿಲ್ಲ. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತನಾಗಿದ್ದ. ಊರಿಗೆಲ್ಲ ನೀರು ಹಂಚುವ ಅವನು ಊರ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ಹೂಳೆತ್ತುವ ಬಿಟ್ಟಿಯ ಭಾರವೂ ಬಡವನ ಬೆನ್ನ ಮೇಲೇ ಹೆಚ್ಚಾಗಿ ಬೀಳುತ್ತಿತ್ತು. ಇಂದು ಕೆರೆಯ ಕೆಲಸಕ್ಕೆ ಯಾರೂ ಯಾರನ್ನೂ ಒತ್ತಾಯದಿಂದ ಕರೆಯುವುದಿಲ್ಲ. ಅದು ಒಳ್ಳೆಯದೇ. ಆದರೆ ಒತ್ತಾಯದ ಜೊತೆಗೆ ಹಕ್ಕೂ ಹೋಯಿತು.

ಬೆಂಗಳೂರಿನ ಮಾತನ್ನೇ ನೋಡೋಣ. ದೊಡ್ಡ ನದಿಯಿಲ್ಲದ ಈ ಊರು ಬದುಕಿದ್ದು ಕೆರೆಗಳಿಂದ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಹೀಗೆ ಸರಪಳಿ. ಹೆಸರಘಟ್ಟದ ನೀರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಲ್ಲಿಯಲ್ಲಿ ಬಂದಿತು, 1974ರಲ್ಲಿ ಕಾವೇರಿ ಬಂದಳು, ಜನ ಕೆರೆಗೆ ಬೆನ್ನು ತಿರುಗಿಸಿದರು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಈ ಕಥೆ ತಮಗೆಲ್ಲ ತಿಳಿದದ್ದೇ.

ಇದಕ್ಕೆ ಎದುರಾಗಿ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಕಥೆಯುಂಟು. ಸುಮಾರು ಹದಿಮೂರು ಎಕರೆಯ ಸಣ್ಣ ಕೆರೆ. 2010ರಲ್ಲಿ ನೆರೆಹೊರೆಯ ನಿವಾಸಿಗಳು ಒಂದು ಟ್ರಸ್ಟ್ ರಚಿಸಿಕೊಂಡರು. ಮರುವರ್ಷ ಅಂದಿನ ಮಹಾನಗರ ಪಾಲಿಕೆ ಒಪ್ಪಂದದ ಮೂಲಕ ಕೆರೆಯ ಪಾಲನೆಯನ್ನು ಅವರಿಗೆ ವಹಿಸಿತು. ಮುಂದಾಳುಗಳಲ್ಲಿ ಒಬ್ಬಾಕೆ ಕಥೆಗಾರ್ತಿ ಎಂಬುದು ನಮ್ಮಂಥ ಸಾಹಿತ್ಯದವರು ಸ್ವಲ್ಪ ಬೀಗಬಹುದಾದ ಸಂಗತಿ. ಆದರೆ ಹೂಳೆತ್ತಿ, ಗಿಡ ನೆಟ್ಟು, ಕಳೆ ಕಿತ್ತರೂ ಒಂದು ತೊಡಕು ಉಳಿಯಿತು. ಸುತ್ತ ಕಟ್ಟಡಗಳೆದ್ದು ಮಳೆನೀರಿನ ಕಾಲುವೆಗಳು ಕಡಿದುಹೋಗಿದ್ದವು. ಪಾತ್ರೆ ಸಿದ್ಧವಾಗಿತ್ತು, ತುಂಬುವ ನೀರಿರಲಿಲ್ಲ. ಕೊನೆಗೆ ಪಕ್ಕದ ವಸತಿ ಸಮುಚ್ಚಯದ ಬಳಸಿದ ನೀರನ್ನು ಶುದ್ಧೀಕರಿಸಿ ಕೆರೆಗೆ ಬಿಡುವ ಏರ್ಪಾಡಾಯಿತು. ಮಳೆಯ ದಾರಿಯನ್ನು ಕಟ್ಟಿದ ನಗರವೇ ತನ್ನ ಬಚ್ಚಲ ನೀರನ್ನು ತೊಳೆದು ಕೆರೆಗೆ ಒಪ್ಪಿಸಿದಂತಾಯಿತು. ಹಕ್ಕಿಗಳು ಮಡಿ ನೋಡುವುದಿಲ್ಲ, ಬಂದವು.

ಇಂಥ ಕೆಲಸ ಒಪ್ಪಂದದ ಒಂದು ಕಾಗದವನ್ನು ನಂಬಿ ನಡೆಯುತ್ತದೆ. ಅವಧಿ ಮುಗಿದರೆ, ಅಧಿಕಾರಿ ಬದಲಾದರೆ, ಹತ್ತು ವರ್ಷ ಕಳೆ ಕಿತ್ತವನೂ ದಾರಿಹೋಕನೇ. ಇದು ನನ್ನ ಮೊದಲ ಚಿಂತೆ.

ಎರಡನೆಯದು ನಮ್ಮದೇ ತಪ್ಪು. ನಮ್ಮ ಬಡಾವಣೆಯ ಕೆರೆಯ ಹೆಸರು ಹೇಳುವುದು ಬೇಡ. ಪ್ರತಿ ಭಾನುವಾರ ಬೆಳಿಗ್ಗೆ ನಾವು ಹದಿನೈದು ಇಪ್ಪತ್ತು ಮಂದಿ ಅಲ್ಲಿ ಸೇರುತ್ತೇವೆ. ನಿವೃತ್ತರೇ ಹೆಚ್ಚು, ಕೆಲವರು ಗೃಹಿಣಿಯರು, ಪರೀಕ್ಷೆಯಿಲ್ಲದಾಗ ಒಂದಿಬ್ಬರು ಹುಡುಗರು. ಸುತ್ತ ತಂತಿಬೇಲಿ ಬಂದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ಒಂದು ದಿನ ಕಾವಲುಗಾರ ಹುಲ್ಲಿನ ಹೊರೆಯ ಸಮೇತ ಒಬ್ಬ ಮುದುಕರನ್ನು ತಡೆದು ನಮ್ಮೆದುರು ನಿಲ್ಲಿಸಿದ. ಬಡಾವಣೆಯಾಗುವ ಮೊದಲಿದ್ದ ಹಳ್ಳಿಯವರು. ಮನೆಯಲ್ಲಿ ಎರಡು ಹಸು. "ನಮ್ಮಪ್ಪನ ಕಾಲದಿಂದ ಇಲ್ಲೇ ಹುಲ್ಲು ಕೊಯ್ತಿದ್ದೀವಿ ಸ್ವಾಮಿ. ನೀವು ಯಾವಾಗ ಬಂದ್ರಿ?" ಎಂದರು. ಕೋಪದಿಂದ ಕೇಳಿದ್ದಲ್ಲ, ಬಂದ ವರ್ಷವನ್ನು ತಿಳಿಯುವ ಕುತೂಹಲದಿಂದ ಕೇಳಿದಂತಿತ್ತು. ನಾನು ವರ್ಷ ಹೇಳಿದೆ. ಹೇಳಿದ ಮೇಲೆ ಹೊರೆಯನ್ನು ಇಳಿಸಿರೆಂದು ಹೇಳುವ ಬಾಯಿ ಉಳಿಯಲಿಲ್ಲ.

ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಬಹಳ ಚರ್ಚೆಯಾಯಿತು. ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಮಂದಿ ಬಂದಾರು ಎಂದವರಿದ್ದರು. ಅವರ ಅಂಜಿಕೆ ಸುಳ್ಳಲ್ಲ. ನಾನು ಬಿತ್ತುವಟ್ಟ, ಕಟ್ಟುಕೊಡಗೆಗಳ ಮಾತೆತ್ತಿದೆ. ಮೇಷ್ಟರ ಪಾಠ ಮುಗಿಯಲಿ ಎಂಬಂತೆ ಕೆಲವರು ಗಡಿಯಾರ ನೋಡಿಕೊಂಡರು. ಕೊನೆಗೆ, ವಾರಕ್ಕೆ ಎರಡು ದಿನ ಹುಲ್ಲು ಕೊಯ್ಯಬಹುದು, ಜೊಂಡಿನಲ್ಲಿ ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಆ ಕಡೆ ಹೋಗಬಾರದು ಎಂದು ಗೊತ್ತಾಯಿತು. ಎರಡನೆಯ ಷರತ್ತನ್ನು ಸೂಚಿಸಿದವರು ಆ ಮುದುಕರೇ.

ಏರಿಯ ಒಳಮಗ್ಗುಲಲ್ಲಿ ನೀರಿನ ಅಂಚಿಗೆ ಎರಡು ಕಲ್ಲುಕಂಬಗಳಿವೆ, ಮೇಲೊಂದು ಅಡ್ಡಕಲ್ಲು. ಯಾವುದೋ ಹಾಳು ಮಂಟಪದ ಅವಶೇಷವೆಂದು ನಾನು ಹುಡುಗರಿಗೆ ಹಲವು ಸಲ ವಿವರಿಸಿದ್ದುಂಟು. ಮುಂದಿನ ಭಾನುವಾರ ಮುದುಕರು ಕುಡುಗೋಲನ್ನು ಅತ್ತ ಚಾಚಿ, "ತೂಬಿನ ಬಾಯಿ ಮುಚ್ಚಿಹೋಗಿದೆ, ಮೊದಲು ಅದನ್ನು ಬಿಡಿಸಿ" ಎಂದರು. ಇಬ್ಬರು ಹುಡುಗರು ಸಲಿಕೆ ಹಿಡಿದು ಅವರ ಹಿಂದೆ ಇಳಿದರು. ನಾನು ಬುಟ್ಟಿ ಹಿಡಿದುಕೊಂಡೆ.